9ನೇ ಕ್ಲಾಸ್ ಮಗಳಿಗೆ ಸ್ಪೀಡ್ ಲೆಕ್ಕ: ಸೂತ್ರ ಬಾಯಿಪಾಠ ಐತಿ, ಉತ್ತರ ಮಾತ್ರ ಬರವಲ್ದು

ಹುಬ್ಬಳ್ಳಿ ಟೇಲರಕ್ಕ

ನಮಸ್ಕಾರ್ರೀ ಎಲ್ಲಾರಿಗೂ. ನನ್ನ ಮಗಳು 9ನೇ ಕ್ಲಾಸ್, ಕನ್ನಡ ಮೀಡಿಯಮ್ಮು. ವಿಜ್ಞಾನದಾಗ ಚಲನೆ ಪಾಠ ನಡದೈತಿ, ಅದ್ರಾಗ ದೂರ, ಕಾಲ, ಜವ (ಸ್ಪೀಡ್) ಅಂತ ಲೆಕ್ಕ ಬರ್ತಾವಲ್ಲ, ಅಲ್ಲೇ ತಟ್ಟಿ ನಿಂತಾಳ ನೋಡ್ರಿ. ಸೂತ್ರ ಕೇಳಿದ್ರ ನಿದ್ದಿಗಣ್ಣಾಗೂ ಹೇಳ್ತಾಳ, ದೂರಕ್ಕ ಕಾಲದ್ಲೆ ಭಾಗಿಸಿದ್ರ ಜವ. ಮ್ಯಾಲ ದೂರ, ಕೆಳಗ ಜವ ಕಾಲ ಅಂತ ತ್ರಿಕೋನ ಬರದು ಬೆರಳ್ಲೆ ಒಂದೊಂದು ಅಕ್ಷರ ಮುಚ್ಚಿ ಮುಚ್ಚಿ ತೋರಸ್ತಾಳ. ಲೆಕ್ಕ ಕೊಟ್ಟ ಕೂಡ್ಲೆ ಉತ್ತರ ಬ್ಯಾರೇನ ಬರ್ತೈತಿ.

ನಿನ್ನೆ ಮಾಡಿದ್ದು ಇದು. ಹುಬ್ಬಳ್ಳಿಯಿಂದ ಗದಗಿಗೆ 58 ಕಿಲೋಮೀಟರ್, ಬಸ್ಸು 1 ತಾಸು 20 ಮಿನಿಟಿನಾಗ ಮುಟ್ತು, ಸರಾಸರಿ ಸ್ಪೀಡ್ ಎಷ್ಟು. ಅಕಿ 58 ÷ 1.20 ಮಾಡಿ 48.33 ಅಂತ ಬರದಾಳ. ಹಿಂದ ಕೊಟ್ಟ ಉತ್ತರ 43.5. ಕ್ಯಾಲ್ಕುಲೇಟರ್‌ನಾಗೂ ನೋಡಿದ್ವಿ, 48.33ನ ಬರ್ತೈತಿ, ಹಂಗಾರ ಪುಸ್ತಕದಾಗ ತಪ್ಪು ಪ್ರಿಂಟ್ ಆಗೇತೇನು?

ಇನ್ನೊಂದು, ತಾಸಿಗೆ ಇಷ್ಟು ಕಿಲೋಮೀಟರ್ ಅಂತ ಇದ್ದದ್ದನ್ನ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಮಾಡೂದು. 5/18ರ್ಲೆ ಗುಣಿಸ್ಬೇಕೋ 18/5ರ್ಲೆ ಗುಣಿಸ್ಬೇಕೋ ಅಂತ ಪ್ರತಿ ಸಲ ಕೈ ನಡಗ್ತೈತಿ ಅಕೀಗೆ. ನಾನು ಬ್ಲೌಸಿನ ಅಳತಿ ಇಂಚಿನಾಗ ಹೇಳಿದ್ರ ತಟಕ್ನ ಸೆಂಟಿಮೀಟರ್ ಹೇಳೇನು, ಇದು ನನಗೂ ತಲಿಗೆ ಹತ್ತವಲ್ದು. ಟ್ಯೂಶನ್ ಹಚ್ಚೂದು ಬ್ಯಾಡ ಅಂತೈತಿ ನಮ್ಮ ಮನಿ ಪರಿಸ್ಥಿತಿ. ಯಾರರ ಸಾವಕಾಶ ಬಿಡಿಸಿ ಹೇಳ್ರಿ, ಓದಿ ತೋರಸ್ತೀನಿ.

ಪೆನ್ಶನ್ ಮಾಸ್ತರ, ಧಾರವಾಡ

ಪುಸ್ತಕ ಸರಿ ಅದ ತಂಗಿ. ಕ್ಯಾಲ್ಕುಲೇಟರೂ ಸರಿ ಅದ. ಅದಕ್ಕ ನೀವು ಏನು ಒತ್ತೀರೋ ಅದನ್ನ ಅದು ಮಾಡ್ತದ, 1.20 ಅಂದ್ರ ನಿಮ್ಮ ಮನಸಿನ್ಯಾಗ 1 ತಾಸು 20 ಮಿನಿಟು ಅನ್ನೂದು ಅದಕ್ಕೇನು ಗೊತ್ತು.

ಹೈಸ್ಕೂಲಿನ್ಯಾಗ ಗಣಿತ ವಿಜ್ಞಾನ ಎರಡೂ ಕಲಿಸಿದಾಂವ ನಾನು, ಈ ಪಾಠದಾಗ ಮಕ್ಕಳು ಸೂತ್ರ ಮರತು ತಪ್ಪೋದು ಭಾಳ ಕಡಿಮಿ, ತಪ್ಪೋದೆಲ್ಲಾ ಕಾಲದ ಏಕಮಾನದಾಗ. ರೂಪಾಯಿಗೆ 100 ಪೈಸೆ, ಮೀಟರಿಗೆ 100 ಸೆಂಟಿಮೀಟರ್, ಕಿಲೋಕ್ಕ 1000 ಗ್ರಾಂ, ಎಲ್ಲಾ ಹತ್ತರ ಲೆಕ್ಕ, ಹಿಂಗಾಗಿ ಚುಕ್ಕಿ ಇಟ್ಟು ಬರದ್ರ ನಡೀತದ. ತಾಸಿಗೆ ಮಾತ್ರ 60 ಮಿನಿಟು. ಇಲ್ಲಿ ಚುಕ್ಕಿ ಇಟ್ಟು ಮುಂದ ಮಿನಿಟು ಬರಿಯೋ ಹಂಗಿಲ್ಲ. ಮಗಳನ್ನ ಕೇಳ್ರಿ, ದೀಡ ತಾಸು ಅಂದ್ರ ಎಷ್ಟವಾ ಅಂತ. 1 ತಾಸು 30 ಮಿನಿಟು ಅಂತಾಳ. ಅದನ್ನ ಚುಕ್ಕಿ ಇಟ್ಟು ಬರಿ ಅನ್ರಿ, 1.5 ಅಂತ ಬರೀತಾಳ, 1.30 ಅಂತ ಬರಿಯಂಗಿಲ್ಲ. ಹಂಗಾರ 1 ತಾಸು 20 ಮಿನಿಟಿಗೆ 1.20 ಹೆಂಗ ಬಂತು ಅಂತ ಅಲ್ಲೇ ಹಿಡೀರಿ ಅಕೀನ್ನ.

ಮಾಡೂದು ಹಿಂಗ. 20 ಮಿನಿಟು ಅಂದ್ರ 20/60, ಅಂದ್ರ ತಾಸಿನ ಮೂರನೇ ಒಂದು ಭಾಗ. ಒಟ್ಟು 4/3 ತಾಸು ಆತು. 58 ÷ 4/3 ಅಂದ್ರ 58 × 3/4, ಅದು 43.5. ಭಿನ್ನರಾಶಿ ಕಂಡ್ರ ಹೆದರೂ ಮಕ್ಕಳಿಗೆ ಇನ್ನೊಂದು ದಾರಿ ಅದ, ಕಾಲ ಪೂರ್ತಿ ಮಿನಿಟು ಮಾಡಿಬಿಡ್ರಿ. 80 ಮಿನಿಟಿಗೆ 58 ಕಿಮೀ, ಒಂದು ಮಿನಿಟಿಗೆ 58 ÷ 80 = 0.725 ಕಿಮೀ, 60 ಮಿನಿಟಿಗೆ 0.725 × 60 = 43.5. ಎರಡೂ ಒಂದ.

20 ಮಿನಿಟಿಗೆ 0.33 ಅಂತ ತಗೊಳ್ಳೂದು ಬ್ಯಾಡ, 58 ÷ 1.33 ಮಾಡಿದ್ರ 43.6 ಬರ್ತದ, ಪುಸ್ತಕದ ಉತ್ತರಕ್ಕ ಕೂಡಂಗಿಲ್ಲ, ಮತ್ತ ಹುಡುಗಿ ಗಾಬರಿ ಆಗ್ತಾಳ. 6, 12, 15, 30, 45 ಮಿನಿಟು ಬಂದಾಗ ದಶಮಾಂಶ ತಗೋರಿ, 0.1, 0.2, 0.25, 0.5, 0.75, ಚೊಕ್ಕ ಬರ್ತಾವ. 10, 20, 40, 50 ಬಂದಾಗ ಭಿನ್ನರಾಶಿ ಹಂಗ ಇಡ್ರಿ.

ಆ ತ್ರಿಕೋನದ ಬಗ್ಗೆ ಒಂದು ಮಾತು. ನನಗದು ಮೊದಲಿಂದ್ಲೂ ಸೇರಂಗಿಲ್ಲ. ಬೆರಳು ಮುಚ್ಚಿ ಉತ್ತರ ತಗಿಯೋ ಹುಡುಗರಿಗೆ ಒಂದು ತಾಸಿನ್ಯಾಗ ಎಷ್ಟು ದೂರ ಹೋತು ಅನ್ನೂದ ಕಣ್ಮುಂದ ಬರಂಗಿಲ್ಲ. ಅದು ಬಂದ್ರ ಸೂತ್ರ ಮರತ್ರೂ ಲೆಕ್ಕ ಬಿಡಸ್ತಾರ.

ಬಿಇ ಹುಡುಗ, ವಿದ್ಯಾನಗರ

ಅಕ್ಕಾ 5/18 ದು ನಾ ಹೇಳ್ತೀನಿ. ಅದನ್ನ ಮಂತ್ರ ಮಾಡ್ಕೊಂಡ್ರ ಗ್ಯಾರಂಟಿ ಉಲ್ಟಾ ಆಗ್ತೈತಿ, ಎಲ್ಲಿಂದ ಬಂತು ಅಂತ ಒಮ್ಮೆ ನೋಡಿದ್ರ ಮುಗೀತು. 1 ಕಿಮೀ ಅಂದ್ರ 1000 ಮೀಟರ್, 1 ತಾಸು ಅಂದ್ರ 60 × 60 = 3600 ಸೆಕೆಂಡ್. ತಾಸಿಗೆ 1 ಕಿಮೀ ಅಂದ್ರ 3600 ಸೆಕೆಂಡಿನಾಗ 1000 ಮೀಟರ್. 1000/3600, ಸೊನ್ನಿ ಹೊಡದು ಎರಡರ್ಲೆ ಭಾಗಿಸಿದ್ರ 5/18. ಅಷ್ಟ.

ಉಲ್ಟಾ ಆಗಬಾರ್ದು ಅಂದ್ರ ಇದೊಂದು ನೆನಪಿಟ್ಟುಕೊ ಅಂತ ಹೇಳ್ರಿ ಅಕೀಗೆ, ತಾಸಿಗೆ 18 ಕಿಮೀ ಅಂದ್ರ ಸೆಕೆಂಡಿಗೆ 5 ಮೀಟರ್. ಅಲ್ಲಿಂದ 36ಕ್ಕ 10, 54ಕ್ಕ 15, 72ಕ್ಕ 20, 90ಕ್ಕ 25. ಪರೀಕ್ಷಾದಾಗ ಬಹಳಷ್ಟು ಸಲ ಇವ ನಂಬರ್ ಬರ್ತಾವ ಯಾಕಂದ್ರ ಲೆಕ್ಕ ಹಾಕೋರಿಗೂ ಚೊಕ್ಕ ಉತ್ತರ ಬೇಕಲ್ಲ. ಮೀಟರ್/ಸೆಕೆಂಡ್ ನಂಬರ್ ಯಾವಾಗ್ಲೂ ಸಣ್ಣದು, ಕಿಮೀ/ಗಂಟೆ ನಂಬರ್ ದೊಡ್ಡದು. 72 ಕಿಮೀಗೆ 259 ಮೀಟರ್/ಸೆಕೆಂಡ್ ಅಂತ ಬಂದ್ರ ಬರಿಯೂಕಿಂತ ಮೊದ್ಲ ನಗು ಬರ್ಬೇಕು.

ಒಂದು ಮಸ್ತ್ ಉದಾಹರಣಿ ಕೊಡ್ತೀನಿ ತಗೋರಿ. ಉಸೇನ್ ಬೋಲ್ಟ್ 2009ರಾಗ ಬರ್ಲಿನ್‌ನಾಗ 100 ಮೀಟರ್ 9.58 ಸೆಕೆಂಡಿನಾಗ ಓಡಿದ್ದ, ಇನ್ನೂ ಅದ ವರ್ಲ್ಡ್ ರೆಕಾರ್ಡ್. 100 ÷ 9.58 = 10.44 ಮೀಟರ್/ಸೆಕೆಂಡ್, ಅದಕ್ಕ 18/5 ಅಂದ್ರ 3.6ರ್ಲೆ ಗುಣಿಸಿದ್ರ ತಾಸಿಗೆ 37.6 ಕಿಮೀ ಆಸುಪಾಸು. ಈಗ ನಮ್ಮ ಚಿಗರಿ ಬಸ್ಸು ತಗೋರಿ, ಹುಬ್ಬಳ್ಳಿ ಧಾರವಾಡ ನಡುವೆ ಅದಕ್ಕಂತನ ಇರೋ ಬಿಆರ್‌ಟಿಎಸ್ ದಾರಿ ಸುಮಾರು 22 ಕಿಮೀ, ಎಕ್ಸ್‌ಪ್ರೆಸ್ ಚಿಗರಿ 35 ಮಿನಿಟಿನಾಗ ಮುಟ್ತು ಅಂತ ಹಿಡೀರಿ, 22 ÷ 35 × 60 = 37.7. ಬೋಲ್ಟು ಚಿಗರಿ ಎರಡೂ ಒಂದ ಲೆಕ್ಕ 😂 ಅಂವ ಉಣಕಲ್ಲಿಗೆ ಬರೂದ್ರಾಗ ಸುಸ್ತಾಗ್ತಾನ ಅದು ಬ್ಯಾರೆ ಮಾತು.

ಆದ್ರ ಇಲ್ಲೇ ಸರಾಸರಿ ಅಂದ್ರ ಏನು ಅನ್ನೂದು ಗೊತ್ತಾಗ್ತೈತಿ. ಆ ಓಟದ 20 20 ಮೀಟರಿನ ಟೈಮ್ ಅದಾವು. ಮೊದಲ 20 ಮೀಟರಿಗೆ 2.89 ಸೆಕೆಂಡ್, ಅಂದ್ರ ಸೆಕೆಂಡಿಗೆ ಬರೇ 6.9 ಮೀಟರ್, ತಾಸಿಗೆ 25 ಕಿಮೀ ಆತು. 60ರಿಂದ 80 ಮೀಟರಿನ ನಡುವೆ 1.61 ಸೆಕೆಂಡ್, ಅಂದ್ರ 12.4, ತಾಸಿಗೆ 44.7 ಕಿಮೀ. 37.6 ಅನ್ನೂದು ಇವೆಲ್ಲಾ ಕೂಡಿ ಬಂದ ನಂಬರ್, ಓಟದ ತುಂಬ ಅಂವ ಅದ ಸ್ಪೀಡಿನಾಗ ಇದ್ದ ಅಂತ ಅಲ್ಲ.

ಕಂಡಕ್ಟರ್ ಅಣ್ಣ, ಹಾವೇರಿ

ಈ ಹುಡುಗ ಹೇಳಿದ್ದು ನಮಗ ದಿನಾ ಕಾಣ್ತೈತಿ. ಹುಬ್ಬಳ್ಳಿ ಹಾವೇರಿ ಸುಮಾರು 75 ಕಿಮೀ, ಹೈವೇ ಮ್ಯಾಲ ಡ್ರೈವರ್ ಮುಂದಿನ ಮುಳ್ಳು 70ರ ಹತ್ರ ಇರ್ತೈತಿ, ಮುಂದಿನ ಸೀಟಿನ ಮಂದಿ ಅದನ್ನ ನೋಡಿ 70ರಾಗ ಹೊಂಟೈತಿ ಅಂದ್ರ ತಾಸಿನ ಮ್ಯಾಲ ಐದು ಮಿನಿಟಿಗೆ ಹಾವೇರಿ ಅಂತ ಲೆಕ್ಕ ಹಾಕಿ ಮನಿಗೆ ಫೋನ್ ಮಾಡಿ ಹೇಳಿಬಿಡ್ತಾರ, ಆಮ್ಯಾಲ ಯಾಕ್ರೀ ಲೇಟು ಅಂತ ನಮ್ಮ ಮ್ಯಾಲ ಬರ್ತಾರ. ಶಿಗ್ಗಾಂವಿ ಸ್ಟ್ಯಾಂಡಿನಾಗ 10 ಮಿನಿಟು, ಬಂಕಾಪುರ ಕ್ರಾಸಿನಾಗ 5 ಮಿನಿಟು ನಿಂತಿತಪಾ ಅಂತ ತಗೋರಿ, ಊರು ಬಂದಾಗ ಸಾವಕಾಶ, ಒಟ್ಟು 1 ತಾಸು 40 ಮಿನಿಟು ಹಿಡೀತು. 75 ಕಿಮೀ, 100 ಮಿನಿಟು, ಸರಾಸರಿ 45. ಮುಳ್ಳು 70 ತೋರಿಸಿದ್ದೂ ಖರೇ, 45ನೂ ಖರೇ.

ಕೆಲವು ಹುಡುಗರು ನಿಂತ ಟೈಮ್ ಕಳದು ಲೆಕ್ಕ ಮಾಡ್ತಾರ, 85 ಮಿನಿಟು ಅಂತ ಹಿಡದ್ರ 53ರ ಹತ್ರ ಬರ್ತೈತಿ. ನನ್ನ ಮಗನೂ ಹಂಗ ಮಾಡಿದ್ದ. ಸರಾಸರಿ ಕೇಳಿದ್ರ ನಿಂತದ್ದೂ ಸೇರಿಸ್ಬೇಕು, ಹೌದಲ್ರೀ ಮಾಸ್ತರ?

ಇನ್ನೊಂದು ಆಟ ಹೇಳ್ತೀನಿ ಹುಡುಗೀಗೆ. ಹೈವೇ ಬಾಜೂಕ ಕಿಲೋಮೀಟರ್ ಕಲ್ಲು ಇರ್ತಾವಲ್ಲ, ನ್ಯಾಷನಲ್ ಹೈವೇದಾಗ ಮ್ಯಾಲ ಹಳದಿ ಬಣ್ಣ. ಕಿಡಕಿ ಕಡೆ ಕುಂತು ಮೊಬೈಲಿನಾಗ ಸ್ಟಾಪ್‌ವಾಚ್ ಚಾಲೂ ಮಾಡು, ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಎಷ್ಟು ಸೆಕೆಂಡ್ ಹಿಡೀತು ನೋಡು, 3600ಕ್ಕ ಅದ್ರಲೆ ಭಾಗಿಸು. 60 ಸೆಕೆಂಡ್ ಆದ್ರ 60, 48 ಆದ್ರ 75, 45 ಆದ್ರ 80. ಬರೋಬ್ಬರಿ ಡ್ರೈವರ್ ಮುಳ್ಳಿಗೆ ಹತ್ರ ಬರ್ತೈತಿ. ಗಾಡಿ ಹೊಡಿಯೋರು ಮಾತ್ರ ಇದನ್ನ ಮಾಡಬ್ಯಾಡ್ರಿ ಮತ್ತ.

ಪೆನ್ಶನ್ ಮಾಸ್ತರ, ಧಾರವಾಡ

ಹೌದು ಕಂಡಕ್ಟರ್ ಸಾಹೇಬ್ರ, ಒಟ್ಟು ದೂರಕ್ಕ ಒಟ್ಟು ಕಾಲ, ನಿಂತದ್ದೂ ಕಾಲನ. ಗ್ರಾಫಿನ್ಯಾಗ ಇದು ಇನ್ನೂ ಚಂದ ಕಾಣ್ತದ. ದೂರ ಕಾಲದ ಗ್ರಾಫ್ ಬರದಾಗ ಶಿಗ್ಗಾಂವಿಯೊಳಗ ನಿಂತ 10 ಮಿನಿಟು ಅಡ್ಡ ಗೆರಿ ಆಗ್ತದ, ಕಾಲ ಮುಂದ ಸರೀತು, ದೂರ ಇದ್ದಲ್ಲೇ ಇತ್ತು. ಮಕ್ಕಳು ಬಸ್ಸು ನಿಂತ್ತು ಅಂದ ಕೂಡ್ಲೆ ಗೆರಿ ಕೆಳಗ ಸೊನ್ನಿಗೆ ಇಳಿಸಿಬಿಡ್ತಾರ, ಅಂದ್ರ ಬಸ್ಸು ಕಣ್ಣು ಮುಚ್ಚಿ ತಗಿಯೂದ್ರಾಗ ವಾಪಸ್ ಹುಬ್ಬಳ್ಳಿಗೆ ಹೋತು ಅಂತ ಅರ್ಥ! ಗೆರಿ ಕಡಿದಾಗಿದ್ದಷ್ಟೂ ಜವ ಜಾಸ್ತಿ.

ಹುಬ್ಬಳ್ಳಿ ಟೇಲರಕ್ಕ

ಸರ್, ಅಣ್ಣಾರ, ತಮ್ಮಾ, ಭಾಳ ಉಪಕಾರ ಆತ್ರಿ. ದೀಡ ತಾಸಿನ ಮಾತು ಹೇಳಿದ ಕೂಡ್ಲೆ ಅಕಿ ತಾನ ರಬ್ಬರ್ ತಗೊಂಡು 48.33 ಅಳಿಸಿದ್ಲು. ಈಗ ಇನ್ನೊಂದಕ್ಕ ಸಿಕ್ಕೊಂಡಾಳ. ಕಾರು ಹೋಗುವಾಗ ತಾಸಿಗೆ 40, ಅದ ದಾರ್ಯಾಗ ವಾಪಸ್ ಬರುವಾಗ ತಾಸಿಗೆ 60. ಸರಾಸರಿ ಎಷ್ಟು. 40 60 ಕೂಡಿಸಿ ಎರಡರ್ಲೆ ಭಾಗಿಸಿ 50 ಬರದಾಳ. ಉತ್ತರ 48 ಐತಿ. ದೂರನ ಕೊಟ್ಟಿಲ್ಲ ಲೆಕ್ಕದಾಗ, ಹೆಂಗ ಮಾಡೂದು?

ಬ್ಯಾಡಗಿ ಕೆಂಪು

50ನ ಸರಿ ಐತ್ರಿ. ಹೋಗೂದೂ ಅಷ್ಟ ದೂರ ಬರೂದೂ ಅಷ್ಟ ದೂರ, ಎರಡೂ ಸಮಾ, ನಡುವಿನದು 50. 48 ಎಲ್ಲಿಂದ ತಂದ್ರು? ಇದು ಪ್ರಿಂಟ್ ಮಿಸ್ಟೇಕ್ ನೋಡ್ರಿ.

ಬಿಇ ಹುಡುಗ, ವಿದ್ಯಾನಗರ

ಕಾಕಾ, ಇಲ್ರಿ, 48ನ. ದೂರ ಕೊಟ್ಟಿಲ್ಲಂದ್ರ ನಾವ ಒಂದು ಹಿಡ್ಕೊಬೇಕು, 40ಕ್ಕೂ 60ಕ್ಕೂ ಹೋಗೋ ನಂಬರ್, 120 ತಗೋರಿ. ಹೋಗಾಕ 120/40 = 3 ತಾಸು. ಬರಾಕ 120/60 = 2 ತಾಸು. ಒಟ್ಟು 240 ಕಿಮೀ, 5 ತಾಸು. 240/5 = 48. ನೀವು 60 ಹಿಡೀರಿ, 300 ಹಿಡೀರಿ, 48ನ ಬರ್ತೈತಿ.

ಬ್ಯಾಡಗಿ ಕೆಂಪು

ಲೆಕ್ಕ ನೀವು ಮಾಡಿದ್ದು ಸರಿ ಕಾಣ್ತೈತಿ ಆದ್ರ ಮನಸ್ಸಿಗೆ ಒಪ್ಪವಲ್ದು. ದೂರ ಸಮಾ ಇದ್ದಾಗ ಸರಾಸರಿ ನಡುವ ಯಾಕ ಬರಬಾರ್ದು? ಬರೇ ನಂಬರ್ ತೋರಿಸಿದ್ರ ನಾ ಒಪ್ಪಾಂವಲ್ಲ.

ಪೆನ್ಶನ್ ಮಾಸ್ತರ, ಧಾರವಾಡ

ಒಪ್ಪಬ್ಯಾಡ್ರಿ, ಹಂಗ ಇರ್ಬೇಕು. ನೀವು ಬ್ಯಾಡಗಿಯವರು, ಹೆಸರು ನೋಡಿದ್ರ ಮೆಣಸಿನಕಾಯಿ ವ್ಯಾಪಾರದ ವಾಸನಿ ಬರ್ತದ, ನಿಮ್ಮ ಮಾರ್ಕೆಟ್ಟಿಗೆ ಬರ್ತೀನಿ. ಸುಮ್ನ ಲೆಕ್ಕಕ್ಕ ಅಂತ ದರ ಹಿಡೀತೀನಿ ಮತ್ತ, ಇವತ್ತಿನ ಧಾರಣಿ ಅಲ್ಲ. ಡಬ್ಬಿ ಮೆಣಸಿನಕಾಯಿ ಕಿಲೋಕ್ಕ 400, ಕಡ್ಡಿ ಮೆಣಸಿನಕಾಯಿ ಕಿಲೋಕ್ಕ 200. ನೀವು ಡಬ್ಬಿ 1 ಕ್ವಿಂಟಲ್, ಕಡ್ಡಿ 3 ಕ್ವಿಂಟಲ್ ತಗೊಂಡ್ರಿ. ಸರಾಸರಿ ಕಿಲೋಕ್ಕ ಎಷ್ಟು ಬಿತ್ತು? 300 ಅಂತೀರೇನು?

ಬ್ಯಾಡಗಿ ಕೆಂಪು

300 ಹೆಂಗಾಗ್ತೈತ್ರಿ, ಕಡ್ಡಿನ ಜಾಸ್ತಿ ಐತಲ್ಲ. ಡಬ್ಬಿಗೆ 40 ಸಾವಿರ, ಕಡ್ಡಿಗೆ 60 ಸಾವಿರ, ಒಟ್ಟು ಲಕ್ಷ, 400 ಕಿಲೋಕ್ಕ ಭಾಗಿಸಿದ್ರ 250 ಬಿತ್ತು.

ಪೆನ್ಶನ್ ಮಾಸ್ತರ, ಧಾರವಾಡ

ಬಂತಲ್ಲ. ಕಿಲೋಕ್ಕ ಇಷ್ಟು ರೂಪಾಯಿ ಅನ್ನೂದೂ ದರ, ತಾಸಿಗೆ ಇಷ್ಟು ಕಿಮೀ ಅನ್ನೂದೂ ದರ. ಅಲ್ಲಿ ಯಾವುದರ ಕಿಲೋ ಜಾಸ್ತಿ ಇತ್ತೋ ಸರಾಸರಿ ಆ ಕಡೆ ಜಗ್ತು. ಇಲ್ಲಿ ಯಾವುದರ ತಾಸು ಜಾಸ್ತಿ ಅದನೋ ಆ ಕಡೆ ಜಗ್ತದ. ಕಾರು 40ರಾಗ 3 ತಾಸು ಓಡ್ತು, 60ರಾಗ 2 ತಾಸು ಅಷ್ಟ. ದೂರ ಸಮಾ ಇದ್ರೂ ಕಾಲ ಸಮಾ ಇಲ್ಲ, ಅದಕ್ಕ 50ರಿಂದ 40ರ ಕಡೆ ಸರದು 48ಕ್ಕ ನಿಂತ್ತು. ಅದ ಲೆಕ್ಕದಾಗ 2 ತಾಸು 40ರಾಗ, 2 ತಾಸು 60ರಾಗ ಓಡ್ತು ಅಂತ ಕೊಟ್ಟಿದ್ರ ನಿಮ್ಮ 50 ಖರೇ ಆಗ್ತಿತ್ತು. ಮಕ್ಕಳಿಗೆ ಇದ ಹೇಳ್ಬೇಕು, ಕಾಲ ಸಮಾ ಇದ್ರ ಕೂಡಿಸಿ ಎರಡರ್ಲೆ ಭಾಗಸು, ಇಲ್ಲಂದ್ರ ಒಟ್ಟು ದೂರ ಒಟ್ಟು ಕಾಲಕ್ಕ ಹೋಗು. ಯಾವಾಗ್ಲೂ ಒಟ್ಟಿಗೇ ಹೋದ್ರಂತೂ ಎಲ್ಲೂ ತಪ್ಪಂಗಿಲ್ಲ.

ಇದರ ಮ್ಯಾಲ ಒಂದು ಗಮ್ಮತ್ತಿನ ಪ್ರಶ್ನೆ, 9ನೇ ಕ್ಲಾಸಿನವರಿಗೆ ನಾನು ಕೇಳ್ತಿದ್ದೆ. ಹುಬ್ಬಳ್ಳಿ ಗದಗ 60 ಕಿಮೀ ಅಂತ ಹಿಡೀರಿ. ಮೊದಲ 30 ಕಿಮೀ ತಾಸಿಗೆ 30ರಾಗ ಹೋದ್ರಿ. ಒಟ್ಟು ಪ್ರಯಾಣದ ಸರಾಸರಿ 60 ಆಗಬೇಕಂದ್ರ ಉಳದ 30 ಕಿಮೀ ಎಷ್ಟು ಜವದಾಗ ಹೋಗ್ಬೇಕು? ಎಲ್ಲಾರೂ ಕೈ ಎತ್ತಿ 90 ಅಂತಾರ.

ಬ್ಯಾಡಗಿ ಕೆಂಪು

ನಾನೂ 90 ಅನ್ನಾಂವಿದ್ದೆ ಆದ್ರ ಈಗ ಹುಷಾರ್ ಆಗೇನಿ. ಸರಾಸರಿ 60 ಬೇಕಂದ್ರ 60 ಕಿಮೀಗೆ ಒಟ್ಟು 1 ತಾಸು. ಮೊದಲ 30 ಕಿಮೀಗೇ 1 ತಾಸು ಖರ್ಚಾಗಿ ಹೋತು, ಅಣ್ಣಿಗೇರಿ ಇನ್ನೂ ಮುಂದ ಐತಿ, ಕೈಯಾಗ ಒಂದು ಸೆಕೆಂಡ್ ಉಳದಿಲ್ಲ. ಅಂದ್ರ ವಿಮಾನ ತಂದ್ರೂ ಆಗಂಗಿಲ್ಲ!! ಛಲೋ ಕೊಟ್ರಿ ಮಾಸ್ತರ. ನನ್ನ ಅಳಿಯಗ ಕಳಸ್ತೀನಿ ಇದನ್ನ, ಊರೊಳಗ ಲೇಟ್ ಮಾಡಿ ಹೈವೇದಾಗ ಕವರ್ ಮಾಡ್ತೀನಿ ಅಂತ ಜೋರ್ ಹೊಡಿತಾನ.

ಗದಗ ಹೊಲದವ

ನಂದೊಂದು ಸಣ್ಣದು. ಗುಡುಗು ಮಿಂಚು ಬಂದಾಗ ಇದ ಸೂತ್ರ ಉಪಯೋಗಕ್ಕ ಬರ್ತೈತಿ. ಬೆಳಕಂತೂ ಸೆಕೆಂಡಿಗೆ 3 ಲಕ್ಷ ಕಿಮೀ, ಕಣ್ಣಿಗೆ ತಡ ಅನ್ನೂದ ಇಲ್ಲ, ಸಪ್ಪಳ ಮಾತ್ರ ಗಾಳ್ಯಾಗ ಸೆಕೆಂಡಿಗೆ 340 ಮೀಟರ್ ಅಷ್ಟ, ಅಂದ್ರ 3 ಸೆಕೆಂಡಿಗೆ ಸುಮಾರು 1 ಕಿಮೀ. ಮಿಂಚು ಕಂಡ ಮ್ಯಾಲ ಗುಡುಗು ಕೇಳೂತನ ಸೆಕೆಂಡ್ ಎಣಸು, ಮೂರರ್ಲೆ ಭಾಗಸು, ಅಷ್ಟು ಕಿಲೋಮೀಟರ್ ದೂರ ಸಿಡಿಲು. 6 ಸೆಕೆಂಡ್ ಆದ್ರ 2 ಕಿಮೀ. ಅಷ್ಟು ಹತ್ರ ಇದ್ರ ನಾವು ಹೊಲದಾಗ ಕೆಲಸ ಬಿಟ್ಟು ಗಿಡದ ಬುಡಕ್ಕ ನಿಲ್ದ ಸೀದಾ ಮನಿ ಸೇರ್ತೀವಿ.

ಹುಬ್ಬಳ್ಳಿ ಟೇಲರಕ್ಕ

ಇದನ್ನ ಓದಿ ಅಕೀಗೆ ಭಾಳ ಖುಷಿ ಆತು. ಕಡೀಕ ಒಂದ ಉಳದೈತ್ರಿ, ರೈಲು ಪ್ಲಾಟ್‌ಫಾರ್ಮ್ ದಾಟೋ ಲೆಕ್ಕ. ರೈಲಿನ ಉದ್ದ ಯಾಕ ಕೂಡಿಸ್ಬೇಕು ಅಂತ ಕೇಳಾಕತ್ತಾಳ. ಕಂಬ ದಾಟುವಾಗ ಕೂಡಸಂಗಿಲ್ಲ, ಪ್ಲಾಟ್‌ಫಾರ್ಮಿಗೆ ಮಾತ್ರ ಕೂಡಸೂದು ಯಾಕ ಅಂತ.

ಬಿಇ ಹುಡುಗ, ವಿದ್ಯಾನಗರ

ಅಕ್ಕಾ ಇದಕ್ಕ ಹುಬ್ಬಳ್ಳಿಯವ್ರು ಬ್ಯಾರೆ ಊರಿನ ಪ್ಲಾಟ್‌ಫಾರ್ಮ್ ತಗೊಂಡ್ರ ಅವಮಾನ. ನಮ್ಮ ಸಿದ್ಧಾರೂಢ ಸ್ವಾಮೀಜಿ ಸ್ಟೇಷನ್ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಾಗ ಉದ್ದಂದು, 2023ರ ಮಾರ್ಚಿನಾಗ ಉದ್ಘಾಟನಾ ಆತು. ಅದಕ್ಕಿಂತ ಮೊದ್ಲು ಗೋರಖಪುರದ್ದು ಇತ್ತು, 1366 ಮೀಟರ್.

ಈಗ 693 ಮೀಟರ್ ಉದ್ದದ ಒಂದು ಗೂಡ್ಸ್ ಗಾಡಿ ನಿಲ್ದ ತಾಸಿಗೆ 36 ಕಿಮೀನಾಗ ಹೋತು ಅಂತ ತಗೋ. 36 ಅಂದ್ರ ಎಷ್ಟು? 10 ಮೀಟರ್/ಸೆಕೆಂಡ್, ಮ್ಯಾಲ ಹೇಳೇವಿ. ಕಣ್ಣು ಮುಚ್ಚಿ ಎಂಜಿನ್ನಿನ ಮೂತಿ ಮ್ಯಾಲ ಕುಂತೀ ಅಂತ ತಿಳ್ಕೋ. ಮೂತಿ ಪ್ಲಾಟ್‌ಫಾರ್ಮಿನ ಈ ತುದಿಗೆ ಬಂದಾಗ ಸ್ಟಾಪ್‌ವಾಚ್ ಚಾಲೂ. ಮೂತಿ ಆ ತುದಿ ಮುಟ್ಟಿದಾಗ 1507 ಮೀಟರ್ ಆತು, ಆದ್ರ ಹಿಂದ ನೋಡು, ಗಾಡಿ ಪೂರ್ತಿ ಇನ್ನೂ ಪ್ಲಾಟ್‌ಫಾರ್ಮಿಗೆ ಹತ್ತಿಕೊಂಡ ನಿಂತೈತಿ. ಕಡೀ ಡಬ್ಬಿ ಹೊರಗ ಬೀಳಾಕ ಮೂತಿ ಇನ್ನೂ 693 ಮೀಟರ್ ಮುಂದ ಹೋಗ್ಬೇಕು. ಹಂಗಾಗಿ ಮೂತಿ ಓಡಿದ್ದು 1507 + 693 = 2200 ಮೀಟರ್. 2200/10 = 220 ಸೆಕೆಂಡ್, ಅಂದ್ರ 3 ಮಿನಿಟು 40 ಸೆಕೆಂಡ್. ರೈಲಿನ ಉದ್ದ ಮರತ್ರ 150.7 ಸೆಕೆಂಡ್ ಬರ್ತೈತಿ, ಅದು ಅರ್ಧಾ ದಾಟಿದ ಲೆಕ್ಕ.

ಕಂಬದ್ದೂ ಅದ ಸೂತ್ರನ, ಬ್ಯಾರೆ ಏನಿಲ್ಲ. ಕಂಬದ ದಪ್ಪ ಒಂದು ಅರ್ಧಾ ಫೂಟು, ಅದನ್ನ ಯಾರು ಕೂಡಸ್ತಾರ, ಸೊನ್ನಿ ಅಂತ ಹಿಡೀತೀವಿ. 0 + 693, 69.3 ಸೆಕೆಂಡ್. ರೈಲಿನ ಉದ್ದ ಅಲ್ಲೂ ಐತಿ, ಕಾಣಂಗಿಲ್ಲ ಅಷ್ಟ.

ಪೆನ್ಶನ್ ಮಾಸ್ತರ, ಧಾರವಾಡ

ಶಾಬಾಸ್ ತಮ್ಮಾ. ಹುಡುಗೀಗೆ ನಾಲ್ಕು ಲೆಕ್ಕ ಕೊಡ್ತೀನಿ, ಕ್ಯಾಲ್ಕುಲೇಟರ್ ಮುಟ್ಟೂದು ಬ್ಯಾಡ. ಮಾಡೂಕಿಂತ ಮೊದಲ ಅಂದಾಜು ಒಂದು ಬಾಯಿಲೆ ಹೇಳಿ ಆಮ್ಯಾಲ ಬರೀಲಿ.

ಸಾಲಿ ಮೈದಾನದಾಗ 200 ಮೀಟರ್ 25 ಸೆಕೆಂಡಿನ್ಯಾಗ ಓಡಿದ್ರ ಜವ ಎಷ್ಟು, ಎರಡೂ ಏಕಮಾನದಾಗ ಬೇಕು. ಸೈಕಲ್ಲು ತಾಸಿಗೆ 12 ಕಿಮೀನಂತೆ 25 ಮಿನಿಟು ಹೋದ್ರ ಎಷ್ಟು ದೂರ. ಚಕ್ಕಡಿ ತಾಸಿಗೆ 4 ಕಿಮೀನಂತೆ ಹೋದ್ರ 7 ಕಿಮೀ ದೂರದ ಹೊಲಕ್ಕ ಎಷ್ಟು ಹೊತ್ತು. ನಮ್ಮ 1507 ಮೀಟರ್ ಪ್ಲಾಟ್‌ಫಾರ್ಮ್ ಈ ತುದಿಯಿಂದ ಆ ತುದಿಗೆ ತಾಸಿಗೆ 5 ಕಿಮೀನಂತೆ ನಡದ್ರ ಸುಮಾರು ಎಷ್ಟು ಮಿನಿಟು.

ಹುಬ್ಬಳ್ಳಿ ಟೇಲರಕ್ಕ

ಸರ್, ಅಕೀನ ಮೊಬೈಲ್ ತಗೊಂಡು ಟೈಪ್ ಮಾಡಾಕತ್ತಾಳ ನೋಡ್ರಿ 👇

ಸರ್ ನಮಸ್ತೆ. 1) 8, 28.8. 2) 25/60 × 12 = 5 ಕಿಮೀ. 3) 7/4 = 1.75 ತಾಸು, ಅಂದ್ರ 1 ತಾಸು 45 ಮಿನಿಟು. 1 ತಾಸು 75 ಮಿನಿಟು ಅಂತ ಬರದಿಲ್ಲ ಸರ್ 😄 4) 5 ಕಿಮೀ ಅಂದ್ರ 5000 ಮೀಟರ್, 60 ಮಿನಿಟಿಗೆ, ಒಂದು ಮಿನಿಟಿಗೆ 83 ಮೀಟರ್ ಚಿಲ್ಲರ, 1507ಕ್ಕ ಸುಮಾರು 18 ಮಿನಿಟು.

ಪೆನ್ಶನ್ ಮಾಸ್ತರ, ಧಾರವಾಡ

ಮೂರನೇದಕ್ಕ ನೀನು ಬೀಳ್ತೀ ಅಂತ ನಾ ಕಾಯ್ಕೋತ ಕೂತಿದ್ದೆ, ಬೀಳ್ಲಿಲ್ಲ. ಆದ್ರ ಮೊದಲನೇದು 8 ಏನವಾ? 8 ಮಿರ್ಚಿ ಭಜೀನೋ? ಏಕಮಾನ ಬರೀಲಿಲ್ಲಂದ್ರ ಪೇಪರ್ ನೋಡೋರು ಮಾರ್ಕ್ಸ್ ಕಳೀತಾರ.

ಹುಬ್ಬಳ್ಳಿ ಟೇಲರಕ್ಕ

8 ಮೀಟರ್/ಸೆಕೆಂಡ್, 28.8 ಕಿಮೀ/ಗಂಟೆ ಅಂತ ಬರದ್ಲು ಸರ್. ಮುಂದಿನ ವಾರ ವೇಗೋತ್ಕರ್ಷ ಚಾಲೂ ಮಾಡ್ತಾರಂತ, ಆಗ ಮತ್ತ ಬರ್ತೀವಿ, ಬ್ಯಾಸರ ಮಾಡ್ಕೊಬ್ಯಾಡ್ರಿ.

ಕಂಡಕ್ಟರ್ ಅಣ್ಣ, ಹಾವೇರಿ

ಪ್ಲಾಟ್‌ಫಾರ್ಮಿಗೆ 18 ಮಿನಿಟು ಅನ್ನೂದು ಕೈ ಬೀಸಿಕೊಂಡು ಹೋಗೋರಿಗೆ. ಎರಡು ಬ್ಯಾಗು, ಒಂದು ಕೂಸು, ಡಬ್ಬಿ ಎಲ್ಲಿ ಬರ್ತೈತಿ ಗೊತ್ತಿಲ್ಲಂದ್ರ ಅರ್ಧಾ ತಾಸು ಮೊದ್ಲ ಮನಿ ಬಿಡ್ರಿ.